ಹಿಂದಿನ ಗಾಜಿನ ಸೊಟ್ಟ ಸ್ಟಿಕರ್

ಬನಹಟ್ಟಿ

ನನ್ನ ಅಂಗಡಿ ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ರಸ್ತೆಯ ಮೇಲಿದೆ. ಮೂವತ್ತೊಂದು ವರ್ಷದಿಂದ ಗಾಡಿಗಳ ಮೇಲೆ ಅಕ್ಷರ ಬರೆಯುವುದೇ ನನ್ನ ಹೊಟ್ಟೆಪಾಡು. ಮೊದಲು ನಂಬರ್ ಪ್ಲೇಟೂ ಬರೆಯುತ್ತಿದ್ದೆ. ಅದು ಸರ್ಕಾರದ ಪಾಲಾದ ಮೇಲೆ ಉಳಿದದ್ದು ರೇಡಿಯಂ ಹಾಳೆ ಕತ್ತರಿಸಿ ಹೆಸರು ಹಚ್ಚುವ ಕೆಲಸ. ಹಿಪ್ಪರಗಿಯ ಕಡೆಯಿಂದ, ರನ್ನ ಬೆಳಗಲಿಯಿಂದ, ಬೀಳಗಿ ಹಾದಿಯ ಹಳ್ಳಿಗಳಿಂದ ಹೊಸ ಟ್ರ್ಯಾಕ್ಟರು ಕೊಂಡವರು ಮನೆಗೆ ಹೋಗುವ ಮೊದಲು ನನ್ನ ಅಂಗಡಿಗೆ ಬರುತ್ತಾರೆ. ಬಂದವರು ಹೇಳುವ ಮೊದಲ ಮಾತು ಒಂದೇ: ‘ಪಾರಿಸಣ್ಣಾ, ಮೊದಲ ಆ ಶೋರೂಮಿನಂವನ ಹೆಸರು ಕಿತ್ತು ಒಗಿ. ಗಾಡಿ ನಂದೋ, ಅಂವಂದೋ?’

ನಾನು ಕಿತ್ತು ಒಗೆಯುತ್ತೇನೆ. ಬಿಸಿನೀರಿನ ಬಟ್ಟೆ, ಬ್ಲೇಡು, ಕೊನೆಗೆ ಸ್ವಲ್ಪ ಸೀಮೆಎಣ್ಣೆ. ಅಂಟಿನ ಗುರುತೂ ಉಳಿಯುವುದಿಲ್ಲ. ಆಮೇಲೆ ಆ ಜಾಗದಲ್ಲಿ ಮನೆದೇವರು, ಅಪ್ಪ ಅವ್ವನ ಆಶೀರ್ವಾದ, ಮಕ್ಕಳ ಹೆಸರು, ಜಾಗ ಉಳಿದರೆ ಒಂದು ಸಿಂಹ. ಡೀಲರನ ಸ್ಟಿಕರು ಇಟ್ಟುಕೊಂಡು ತಿರುಗುವ ಮನುಷ್ಯನನ್ನು ನಾನು ಮುಧೋಳದಿಂದ ರಬಕವಿಯವರೆಗೆ ನೋಡಿಲ್ಲ. ಇಂಥ ಮನುಷ್ಯನೊಬ್ಬ ಈ ಭೂಮಿಯ ಮೇಲೆ ಇದ್ದಾನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ನಾನು ಇಂಗ್ಲೆಂಡಿನಲ್ಲಿ ಆ ಒಂದು ತಪ್ಪು ಮಾಡುತ್ತಿರಲಿಲ್ಲ.

ಹೆರೆಫೋರ್ಡ್

ಮಗಳು ಸುಜಾತಾ, ಅಳಿಯ ಸನ್ಮತಿ ಇಬ್ಬರೂ ನರ್ಸುಗಳು. ಇಂಗ್ಲೆಂಡಿನ ಪಶ್ಚಿಮಕ್ಕೆ ಹೆರೆಫೋರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ. ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ತ್ರಿಶಲಾ ಹೊರಟಾಗ, ಒಬ್ಬಳನ್ನೇ ವಿಮಾನದಲ್ಲಿ ಕಳಿಸುವುದು ಬೇಡವೆಂದು ನಾನೂ ಹೊರಟೆ. ಅಂಗಡಿಗೆ ಎರಡು ತಿಂಗಳ ಬೀಗ.

ಆಕೆಗೆ ಅಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ. ನನಗೆ ಒಂದೂ ಇಲ್ಲ. ತೇರದಾಳದ ಜೈನರ ಮನೆಯವರಾದ ನಾವು ಸೂರ್ಯ ಮುಳುಗುವ ಮೊದಲು ಉಣ್ಣುವವರು. ಅಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಮೊದಲ ದಿನ ಗಡಿಯಾರ ನೋಡಿ ಆರಕ್ಕೇ ಉಂಡು ಮಲಗಿದೆ. ಹೊರಗೆ ಬೆಳಕೋ ಬೆಳಕು. ಒಂಬತ್ತಕ್ಕೆ ಹಸಿವಾಯಿತು. ಅಡಿಗೆಮನೆಗೆ ಹೋಗಿ ಮತ್ತೊಮ್ಮೆ ಉಂಡೆ, ವ್ರತವೇನೂ ಕೆಟ್ಟಿರಲಿಲ್ಲ. ತ್ರಿಶಲಾ ಮಾತ್ರ ಬಾಗಿಲಲ್ಲಿ ನಿಂತು ನೋಡಿದಳು. ‘ಸೂರ್ಯ ನಿಮ್ಮ ಸಲವಾಗಿನ ನಿಂತಾನ ನೋಡ್ರಿ,’ ಎಂದಳು.

ನನಗೆ ದಿಗಿಲಾದದ್ದು ಅಲ್ಲಿಯ ಗಾಡಿಗಳನ್ನು ನೋಡಿ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಕಾರು ನಿಂತಿವೆ, ಒಂದರ ಮೇಲೂ ಒಂದು ಅಕ್ಷರ ಇಲ್ಲ. ದೇವರಿಲ್ಲ, ಮಕ್ಕಳಿಲ್ಲ, ಮೆಣಸಿನಕಾಯಿ ಲಿಂಬೆಹಣ್ಣು ಇಲ್ಲ. ನಂಬರುಗಳೂ ಎಲ್ಲವೂ ಒಂದೇ ಅಚ್ಚಿನವು. ಊರಿಗೆ ಊರೇ ಬೋಳು ಗಾಡಿ. ನನ್ನಂಥವನು ಈ ದೇಶದಲ್ಲಿ ಹುಟ್ಟಿದ್ದರೆ ಉಪವಾಸ ಸಾಯುತ್ತಿದ್ದೆ ಅನ್ನಿಸಿತು.

ಎದುರುಮನೆಯ ಗ್ಯಾರೇಜಿನಲ್ಲಿ ಮಾತ್ರ ಬೇರೆ ಥರದ ಗಾಡಿ ಇತ್ತು. ಎರಡೇ ಸೀಟು, ಮೊಣಕಾಲೆತ್ತರ, ಉದ್ದನೆ ಮೂತಿ, ಕಡುಹಸಿರು ಬಣ್ಣ. ಓಡುವ ಮೊದಲೇ ಓಡುತ್ತಿರುವಂತೆ ಕಾಣುವ ಹಳೆಯ ಸ್ಪೋರ್ಟ್ಸ್ ಕಾರು. ಅದರ ಯಜಮಾನರು ಕೀತ್. ಎಂಬತ್ತಕ್ಕೆ ಒಂದು ಕಡಿಮೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ನಾಲ್ಕು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡವರು. ಅಲ್ಲಿ ಎಲ್ಲರೂ ಅವರನ್ನು ಬರಿ ಹೆಸರು ಹಿಡಿದೇ ಕರೆಯುತ್ತಿದ್ದರು, ಪಕ್ಕದ ಮನೆಯ ಐದು ವರ್ಷದ ಹುಡುಗಿ ಕೂಡ. ನನ್ನ ನಾಲಿಗೆ ಹೊರಳಲಿಲ್ಲ. ‘ಕೀತ್ ಸಾಹೇಬ್ರ’ ಎಂದೆ. ಅವರು ಅದನ್ನು ತಮ್ಮ ಹೆಸರಿನ ಭಾರತದ ಉಚ್ಚಾರಣೆ ಎಂದು ತಿಳಿದು ಖುಷಿಪಟ್ಟರು.

ನನಗೆ ಇಂಗ್ಲಿಷು ಬರೆಯಲು ಬರುತ್ತದೆ. ಮೂವತ್ತು ವರ್ಷ ಅದನ್ನೇ ಬರೆದಿದ್ದೇನೆ. ಮಾತಾಡುವುದು ಕಷ್ಟ. ಆದರೂ ಸ್ಪ್ಯಾನರು ಹಿಡಿದ ಇಬ್ಬರಿಗೆ ಎಷ್ಟು ಮಾತು ಬೇಕು? ನಾಲ್ಕೇ ದಿನಕ್ಕೆ ನಾನು ಬೆಳಿಗ್ಗೆ ಹತ್ತಕ್ಕೆ ಅವರ ಗ್ಯಾರೇಜಿನಲ್ಲಿ ಇರತೊಡಗಿದೆ. ಅವರು ಆಡಿದ್ದು ಇಂಗ್ಲಿಷಾದರೂ ನನಗೆ ನೆನಪಿರುವುದು ನಮ್ಮ ಮಾತಿನಲ್ಲಿಯೇ. ಹಾಗೇ ಬರೆದಿದ್ದೇನೆ.

ಮಂಗಳವಾರ

ಆ ಭಾನುವಾರ ಹತ್ತಿರದ ಹಳ್ಳಿಯ ಬಯಲಿನಲ್ಲಿ ಹಳೆಯ ಕಾರುಗಳ ಮೇಳವಿತ್ತು. ಅದಕ್ಕಾಗಿ ಕೀತ್ ಗಾಡಿಯನ್ನು ಉಜ್ಜುತ್ತಿದ್ದರು. ನಾನು ಚಕ್ರಗಳ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಹನ್ನೊಂದರ ಹೊತ್ತಿಗೆ ಅವರು ಕಣ್ಣಿನ ಡಾಕ್ಟರ ಹತ್ತಿರ ಹೊರಟರು.

‘ತಾಸಿನಾಗ ಬರತೀನಿ. ಅಷ್ಟರಾಗ ಆದ್ರ ಹಿಂದಿನ ಗಾಜು ಒರಸು. ಒಳಗಿನ ಕಡೆ ಭಾಳ ಹೊಲಸ ಐತಿ,’ ಎಂದರು.

ಹಿಂದಿನ ಬಾಗಿಲು ಮೇಲಕ್ಕೆತ್ತಿದೆ. ಗಾಜಿನ ಒಳಮೈಯ ಕೆಳಗಿನ ಮೂಲೆಯಲ್ಲಿ ಅಂಗೈ ಅಗಲದ ಹಳೆಯ ಸ್ಟಿಕರು. ‘ಟಾಲ್‌ವುಡ್ ಅಂಡ್ ಸನ್, ಲಡ್ಲೋ’ ಎಂದು ಹೊರಗಿನವರಿಗೆ ಕಾಣುವಂತೆ ಬರೆದಿತ್ತು. ಗಾಡಿ ಮಾರಿದ ಅಂಗಡಿಯ ಹೆಸರು, ಊರಿನ ಹೆಸರು, ಕೆಳಗೆ ಮೂರೇ ಅಂಕಿಯ ಫೋನ್ ನಂಬರು. ಬಿಸಿಲಿಗೆ ಕೆಂಪು ಹೋಗಿ ಇಟ್ಟಂಗಿ ಬಣ್ಣವಾಗಿತ್ತು. ಒಂದು ತುದಿ ಎದ್ದು ನಿಂತಿತ್ತು. ಎಲ್ಲಕ್ಕಿಂತ ಮೇಲಾಗಿ ಅದು ಸೊಟ್ಟ ಇತ್ತು. ಬಲಗಡೆ ಕಾಲಿಂಚು ಇಳಿದಿತ್ತು. ಬೇರೆಯವರ ಕಣ್ಣಿಗೆ ಬೀಳದಷ್ಟು. ನನ್ನಂಥವನಿಗೆ ಕಣ್ಣಲ್ಲಿ ಕಸ ಬಿದ್ದಷ್ಟು.

ಇಷ್ಟು ಚೆಂದದ ಗಾಡಿಗೆ ಇದೊಂದು ಕುಂದು ಅನ್ನಿಸಿತು. ಮುದುಕರಿಗೆ ತೆಗೆಯಲು ಬಂದಿರಲಿಕ್ಕಿಲ್ಲ, ಕೈ ನಡುಗುತ್ತದೆ. ನಾನು ಮಾಡಿಕೊಟ್ಟರೆ ಇಷ್ಟು ದಿನ ಕುಡಿದ ಚಹಾದ ಋಣ ತೀರೀತು. ಕೆಟಲಿನಲ್ಲಿ ನೀರು ಕಾಯಿಸಿದೆ. ಗ್ಯಾರೇಜಿನಲ್ಲೇ ಬ್ಲೇಡು ಸಿಕ್ಕಿತು. ಅಂಟು ಎಷ್ಟು ಹಳೆಯದಾಗಿತ್ತೆಂದರೆ ಹಾಳೆ ಹಾಳೆಯಾಗಿ ಬರಲಿಲ್ಲ, ಮುದ್ದೆ ಮುದ್ದೆಯಾಗಿ ಬಂತು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಸ್ಪಿರಿಟ್ಟಿನಿಂದ ಒರೆಸಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದೆ. ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ಸ್ವಚ್ಛ. ನನ್ನ ಕೈಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಕೀತ್ ಬಂದರು. ಕೈಯಲ್ಲಿ ನನಗಾಗಿ ತಂದ ಬಿಸ್ಕತ್ತಿನ ಪೊಟ್ಟಣ. ಮೊಟ್ಟೆ ಇಲ್ಲದ್ದನ್ನು ಹುಡುಕಿ ತಂದಿದ್ದರು. ಗಾಡಿಯ ಹಿಂದೆ ಬಂದು ನಿಂತವರು ಮೊದಲು ಗಾಜು ನೋಡಿದರು, ಆಮೇಲೆ ಬಕೆಟ್ಟು ನೋಡಿದರು, ಆಮೇಲೆ ನನ್ನ ಕೈಯೊಳಗಿನ ಬ್ಲೇಡು. ಮುಖದಿಂದ ರಕ್ತ ಇಳಿದು ಹೋದದ್ದು ನನಗೆ ಕಾಣಿಸಿತು. ಎದೆ ಹಿಡಿದುಕೊಂಡರೇನೋ ಎಂದು ನಾನು ಮುಂದೆ ಬಂದೆ.

‘ಎಲ್ಲೈತಿ?’ ಎಂದರು.

ನಾನು ಬಕೆಟ್ಟು ತೋರಿಸಿದೆ. ಅವರು ಬಗ್ಗಿ ನೀರಿನಲ್ಲಿ ಕೈ ಹಾಕಿದರು. ಬೆರಳಿಗೆ ಕೆಂಪು ಮುದ್ದೆ ಹತ್ತಿತು.

‘ಅದನ್ನ ನನ್ನ ಹೆಂಡತಿ ಹಚ್ಚಿದ್ಲು,’ ಎಂದರು.

ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ನಾನು ರಸ್ತೆ ದಾಟಿ ಮಗಳ ಮನೆಗೆ ಬಂದೆ.

ಬುಧವಾರದಿಂದ ಶನಿವಾರ

ಎದುರು ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಎರಡು ಸಲ ಹೋಗಿ ಬೆಲ್ ಒತ್ತಿದೆ. ಒಳಗೆ ರೇಡಿಯೋ ಕೇಳುತ್ತಿತ್ತು, ಯಾರೂ ಬರಲಿಲ್ಲ.

ಸನ್ಮತಿಗೆ ಎಲ್ಲ ಹೇಳಿದಾಗ ಅವನು ಮೊಬೈಲಿನಲ್ಲಿ ಹುಡುಕಿ ತೋರಿಸಿದ. ನಾನು ಓದುತ್ತ ಹೋದೆ. ಹಳೆಯ ಕಾರು ಸಾಕುವವರಿಗೆ ಇಂಥ ಸ್ಟಿಕರು ಕುಂಕುಮ ಇದ್ದ ಹಾಗೆ. ಗಾಡಿ ಯಾವ ಊರಿನ ಯಾವ ಅಂಗಡಿಯಿಂದ ಮೊದಲು ಹೊರಗೆ ಬಿತ್ತು ಎಂಬುದಕ್ಕೆ ಸಾಕ್ಷಿ. ಬಣ್ಣ ಹೊಸದಾಗಿ ಹೊಡೆಯಬಹುದು, ಎಂಜಿನ್ ಬದಲಿಸಬಹುದು, ಸ್ಟಿಕರು ಮಾತ್ರ ಮುಟ್ಟಬಾರದು. ಅರ್ಧ ಹರಿದಿದ್ದರೂ ಅದರ ಸುತ್ತ ಕಿರಿಬೆರಳಿನಿಂದ ಒರೆಸುತ್ತಾರೆ. ಸ್ಟಿಕರು ಉಳಿಸಲು ಒಡೆದ ಗಾಜನ್ನೇ ಇಟ್ಟುಕೊಂಡ ಒಬ್ಬನ ಫೋಟೋ ಇತ್ತು. ಮೂವತ್ತೊಂದು ವರ್ಷದಲ್ಲಿ ನಾನು ಕಿತ್ತು ಒಗೆದ ಸ್ಟಿಕರುಗಳೆಲ್ಲ ಒಂದೊಂದಾಗಿ ನೆನಪಾದವು.

‘ಮಾವಾರ, ಚಿಂತಿ ಯಾಕ ಮಾಡತೀರಿ?’ ಎಂದ ಸನ್ಮತಿ. ‘ನನ್ನ ಫೋನಿನಾಗ ಆ ಗಾಡಿ ಫೋಟೋ ಐತಿ. ನೀವು ಅಕ್ಷರ ಬಿಡಿಸಿ ಕೊಡ್ರಿ, ಪ್ರಿಂಟ್ ಹೊಡಸೋಣು. ಚಹಾದ ನೀರಾಗ ಅದ್ದಿ ಬಿಸಲಿಗೆ ಇಟ್ರ ಹಳೇದ ಆಕ್ಕೈತಿ.’

ಬಿಡಿಸಿದೆ. ನನಗೆ ಅದು ಎರಡು ತಾಸಿನ ಕೆಲಸ. ಟಾಲ್‌ವುಡ್‌ನ ‘ಟಿ’ ಅಕ್ಷರದ ಬಾಲ ಕೂಡ ಹಾಗೇ ಬಂತು. ಪಕ್ಕದಲ್ಲಿಟ್ಟರೆ ಮಾಡಿದವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ ತ್ರಿಶಲಾ ಅದನ್ನು ನೋಡಿದಳು.

‘ಇದನ್ನ ಆ ಅಜ್ಜಗ ಕೊಟ್ಟು ಏನಂತ ಹೇಳತೀರಿ?’

ನಾನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹರಿದೆ.

ಭಾನುವಾರ, ಮೇಳದ ಬಯಲು

ಎಲ್ಲಾದರೂ ಖರೆ ಸ್ಟಿಕರು ಸಿಕ್ಕೀತು ಎಂಬ ಆಸೆಯಿಂದ ಸನ್ಮತಿಯನ್ನು ಕರೆದುಕೊಂಡು ಮೇಳಕ್ಕೆ ಹೋದೆ. ಹುಲ್ಲುಗಾವಲಿನಲ್ಲಿ ನೂರಾರು ಹಳೆಯ ಕಾರು. ಯಜಮಾನರು ಪ್ರತಿಯೊಂದರ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತ ಸುಮ್ಮನೆ ಕೂತಿದ್ದರು. ನಮ್ಮಲ್ಲಿ ಇಷ್ಟು ಗಾಡಿ ಒಂದು ಕಡೆ ಸೇರಿದರೆ ಹಾರ್ನಿನ ಸಪ್ಪಳಕ್ಕೆ ದನ ಓಡಿ ಹೋಗುತ್ತವೆ. ಅಲ್ಲಿ ಹಕ್ಕಿಗಳ ದನಿ ಕೇಳುತ್ತಿತ್ತು. ಕೋಟು ತೊಟ್ಟ ದೊಡ್ಡ ಮನುಷ್ಯನೊಬ್ಬ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ, ಕನ್ನಡಕ ಎತ್ತಿ, ಒಂದು ಕಾರಿನ ಗಾಜಿನ ಮೂಲೆಯ ಸ್ಟಿಕರು ಓದುತ್ತಿದ್ದ. ಬಸದಿಯಲ್ಲಿ ಶಾಸನ ಓದಲು ಬಂದವರೂ ಅಷ್ಟು ಬಗ್ಗಿದ್ದನ್ನು ನಾನು ಕಂಡಿಲ್ಲ.

ಸ್ಟಿಕರು ಮಾರುವ ಒಂದು ಮೇಜು ಇತ್ತು. ಹಳೆಯವು ಒಂದು ಡಬ್ಬಿ, ಹೊಸವು ಒಂದು ಡಬ್ಬಿ. ಹಳೆಯದರಂತೆ ಕಾಣುವ ಹೊಸವು ಮೇಜಿನ ಕೆಳಗೆ. ಮಾರುವವನು ಆ ಮೂರನೆಯ ಡಬ್ಬಿಯನ್ನು ತೋರಿಸುವಾಗ ನನಗೆ ಕಣ್ಣು ಮಿಟುಕಿಸಿದ. ನಾನು ಮನೆಯಲ್ಲಿ ಹರಿದು ಬಂದ ಕೆಲಸವೇ ಅಲ್ಲಿ ಸಾಲಾಗಿ ಕೂತಿತ್ತು. ಟಾಲ್‌ವುಡ್‌ನದು ಯಾವ ಡಬ್ಬಿಯಲ್ಲೂ ಇರಲಿಲ್ಲ.

ಹೊರಳಿ ನೋಡಿದರೆ ಹತ್ತು ಹೆಜ್ಜೆ ದೂರದಲ್ಲಿ ಕಡುಹಸಿರು ಗಾಡಿ. ಕೀತ್ ಅದರ ಹಿಂದೆ ಕೂತಿದ್ದರು. ಅವರ ಪರಿಚಯದವನೊಬ್ಬ ಬೋಳು ಗಾಜಿನ ಮುಂದೆ ನಿಂತಿದ್ದ.

‘ಕೀತ್, ನಿಮ್ಮ ಸ್ಟಿಕರು ಏನಾತು?’

‘ಹಳೇದಾಗಿತ್ತು. ಹೋತು.’

ಅಷ್ಟೇ. ನನ್ನ ಹೆಸರು ಹೇಳಲಿಲ್ಲ, ನೆರೆಮನೆಯವ ಎನ್ನಲಿಲ್ಲ, ಯಾರೋ ಎಂದು ಕೂಡ ಎನ್ನಲಿಲ್ಲ. ಅವತ್ತಿನ ಎಲ್ಲ ಆಘಾತಗಳಲ್ಲಿ ನನಗೆ ಜೋರಾಗಿ ಬಡಿದದ್ದು ಇದು. ನಮ್ಮ ರಸ್ತೆಯಲ್ಲಿ ಒಬ್ಬನ ಗಾಡಿಗೆ ಗೀರು ಬಿದ್ದರೆ ಜಮಖಂಡಿಯವರೆಗೆ ಗೀರಿದವನ ಹೆಸರು ಮುಟ್ಟುತ್ತದೆ.

ಅವರು ನನ್ನನ್ನು ಕಂಡರು. ಸ್ವಲ್ಪ ಹೊತ್ತು ನೋಡಿ, ಪಕ್ಕದ ಇನ್ನೊಂದು ಕುರ್ಚಿಯನ್ನು ಬಿಚ್ಚಿ ಹುಲ್ಲಿನ ಮೇಲಿಟ್ಟರು. ನಾನು ಹೋಗಿ ಕೂತೆ. ಆಮೇಲೆ ಅವರೇ ಶುರು ಮಾಡಿದರು.

‘ಜೀನ್ ಆ ಅಂಗಡಿ ಕೌಂಟರಿನಾಗ ಕೆಲಸ ಮಾಡತಿದ್ಲು. ನಾನು ಗಾಡಿ ತಗೊಳ್ಳಾಕ ಹೋದಾಗ ಮೊದಲನೇ ಸಲ ನೋಡಿದ್ದು. ಸ್ಟಿಕರ್ ಹಚ್ಚೂದು ಆಕಿ ಕೆಲಸ. ನನ್ನ ಕಡೆ ನೋಡ್ಕೊಂತ ಹಚ್ಚಿದ್ಲು, ಅದಕ್ಕ ಸೊಟ್ಟ ಆತು. ಮುಂದ ನಾನು ಆ ಸೊಟ್ಟ ನೋಡಿದಾಗೊಮ್ಮೆ ಅದನ್ನ ನೆನೀತಿದ್ದೆ.’

ನನ್ನ ಕಣ್ಣಿಗೆ ಕಸವಾದದ್ದೇ ಅವರ ಪಾಲಿಗೆ ಮದುವೆಯ ಫೋಟೋ ಆಗಿತ್ತು.

‘ಆ ಅಂಗಡಿ ಈಗಿಲ್ಲ?’ ಎಂದು ಕೇಳಿದೆ.

‘ಎಂದೋ ಮುಚ್ಚಿತು. ಆಗಿನವ್ರು ಯಾರೂ ಉಳದಿಲ್ಲ. ಡೊರೀನ್ ಒಬ್ಬಾಕಿ. ಜೀನ್ ಜೋಡಿ ಕೌಂಟರಿನಾಗ ಇದ್ದಾಕಿ. ಲಡ್ಲೋದಾಗ ಚರ್ಚಿನ ಹಿಂದ, ನೀಲಿ ಬಾಗಲ ಮನಿ. ಕ್ರಿಸ್ಮಸ್ಸಿಗೆ ಕಾರ್ಡು ಬರತೈತಿ.’

ಲಡ್ಲೋ

ಮರುದಿನವೇ ಒಬ್ಬನೇ ರೈಲು ಹತ್ತಿದೆ. ಕುಡಚಿಯಲ್ಲಿ ರೈಲು ಹತ್ತಿ ಬೆಳೆದ ನನಗೆ ತೆರೆದ ಬಾಗಿಲೇ ಗೊತ್ತು. ಲಡ್ಲೋ ಬಂತು, ರೈಲು ನಿಂತಿತು, ನಾನು ಬಾಗಿಲಿನ ಮುಂದೆ ನಿಂತೇ ಇದ್ದೆ. ಅದು ತೆರೆಯಲಿಲ್ಲ. ಹಿಂದಿದ್ದ ಹೆಂಗಸು ನನ್ನ ಭುಜದ ಪಕ್ಕದಿಂದ ಕೈ ಚಾಚಿ ಒಂದು ಗುಂಡಿ ಒತ್ತಿ, ಬಾಗಿಲು ತೆರೆದ ಮೇಲೆ ನನಗೇ ಸಾರಿ ಹೇಳಿದಳು. ಆ ದೇಶದಲ್ಲಿ ತಪ್ಪು ಯಾರದಾದರೂ ಸಾರಿ ಮೊದಲು ಹೇಳುವವರು ಇನ್ನೊಬ್ಬರು.

ಊರು ಗುಡ್ಡದ ಮೇಲಿದೆ. ಕಟ್ಟಿಗೆಯ ತೊಲೆಗಳು ಹೊರಗೆ ಕಾಣುವ ಹಳೆಯ ಮನೆಗಳು ಒಂದರ ಮೇಲೊಂದು ವಾಲಿಕೊಂಡು ನಿಂತಿವೆ. ಟಾಲ್‌ವುಡ್ ಅಂಗಡಿ ಇದ್ದ ಜಾಗ ಯಾವುದೆಂದು ಕೇಳಿದೆ. ಈಗ ಅಲ್ಲಿ ಹಾಸಿಗೆ ಮಾರುತ್ತಾರೆ. ಚರ್ಚಿನ ಹಿಂದಿನ ಓಣಿಯಲ್ಲಿ ನೀಲಿ ಬಾಗಿಲು ಒಂದೇ ಇತ್ತು.

ಡೊರೀನ್ ಎಂಬತ್ತು ದಾಟಿದ ಸಣ್ಣ ದೇಹದ ಮುದುಕಿ. ನಾಲ್ಕು ಕಾಲಿನ ಊರುಗೋಲು ಹಿಡಿದು ಬಂದು ಬಾಗಿಲು ತೆರೆದರು. ಕೀತ್ ಹೆಸರು ಹೇಳಿದ್ದೇ ಒಳಗೆ ಕರೆದರು. ಅಪರಿಚಿತ ಭಾರತೀಯನೊಬ್ಬನನ್ನು ಹಾಗೆ ಒಳಗೆ ಕರೆದದ್ದಕ್ಕೇ ನಾನು ಅರ್ಧ ಬೆರಗಾಗಿದ್ದೆ. ಚಹಾ ಬಂತು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಬಕೆಟ್ಟು, ಬ್ಲೇಡು ಎಲ್ಲವನ್ನೂ ಹೇಳಿ, ಜೀನ್ ಹಚ್ಚಿದ ಸ್ಟಿಕರನ್ನು ನಾನು ತೆಗೆದುಬಿಟ್ಟೆ ಎಂದೆ.

ಡೊರೀನ್ ಸಕ್ಕರೆ ಕಲಕುವುದನ್ನು ನಿಲ್ಲಿಸಿದರು.

‘ಯಾವ ಸ್ಟಿಕರು?’ ಎಂದರು. ‘ಮೊದಲನೇದೋ, ಎರಡನೇದೋ?’

ನಾನು ಕಪ್ಪು ಕೆಳಗಿಟ್ಟೆ.

‘ಸೊಟ್ಟ ಇತ್ತೇನು?’ ಎಂದು ಕೇಳಿದರು. ಹೌದೆಂದೆ. ‘ಹಂಗಾರ ಎರಡನೇದು.’

ಆಮೇಲೆ ಅವರು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿ ಖಾತ್ರಿ ಮಾಡಿಕೊಂಡೆ. ಟಾಲ್‌ವುಡ್ ಸಾಹೇಬರು ಕಟ್ಟಿಗೆಯ ಅಳತೆಪಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರಂತೆ. ಸೊಟ್ಟ ಹಚ್ಚಿದವರಿಗೆ ಆ ಅಂಗಡಿಯಲ್ಲಿ ಕೆಲಸ ಉಳಿಯುತ್ತಿರಲಿಲ್ಲ. ಕೀತ್ ಗಾಡಿ ಒಯ್ದ ದಿನ ಜೀನ್ ಹಚ್ಚಿದ ಸ್ಟಿಕರು ಎಲ್ಲರದರಂತೆ ನೆಟ್ಟಗೇ ಇತ್ತು.

‘ಲಗ್ನ ಆಗಿ ಎರಡನೇ ವರ್ಷ,’ ಎಂದರು ಡೊರೀನ್. ‘ಗುರುವಾರ ಜೀನ್‌ಗ ಅರ್ಧ ದಿನ ಸೂಟಿ. ಕೀತ್ ಡಿಪೋಕ್ಕ ಹೋಗಿದ್ದ. ಜೀನ್ ಅಂವಗ ಹೇಳಲಾರದ ಗಾಡಿ ತಗೊಂಡು ಹೊಂಟ್ಲು. ಲೈಸೆನ್ಸ್ ಇರಲಿಲ್ಲ ಆಕಿಗೆ. ಹಿಂದಕ್ಕ ತಗೊಳ್ಳೂವಾಗ ಕಿಡಕಿ ಒರಸಾಂವನ ಏಣಿ ಹಿಂದಿನ ಗಾಜಿಗೆ ಬಡದು ಪುಡಿಪುಡಿ ಆತು. ಅಳಕೊಂತ ಅಂಗಡಿಗೆ ಬಂದ್ಲು. ಮೆಕ್ಯಾನಿಕ್‌ಗ ಕೈಕಾಲು ಹಿಡದು ಹೊಸ ಗಾಜು ಹಾಕಿಸಿದ್ವಿ. ಕೀತ್ ಐದೂವರಿಗೆ ಮನಿಗೆ ಬರಾಂವ. ಐದಕ್ಕ ನಾನು ಡ್ರಾವರಿನಿಂದ ಸ್ಟಿಕರ್ ತೆಗದು ಕೊಟ್ಟೆ. ಆಕಿ ಕೈ ಹೆಂಗ ನಡಗತಿತ್ತು ಅಂದ್ರ, ಸೊಟ್ಟನ ಹತ್ತಿತು.’

‘ಕೀತ್‌ಗೆ ತಿಳಿಯಲಿಲ್ಲ?’

‘ಎರಡ ದಿನ ಬಿಟ್ಟು ನೋಡಿ, ಇದು ಸೊಟ್ಟ ಐತಲ್ಲ ಅಂದನಂತ. ಜೀನ್ ಒಂದು ಕ್ಷಣ ವಿಚಾರ ಮಾಡಿ, ನಾ ಹಚ್ಚೂವಾಗ ನಿನ್ನ ಕಡೆ ನೋಡ್ಕೊಂತ ಹಚ್ಚಿದ್ದೆ ಅಂದ್ಲು. ಅವತ್ತಿಂದ ಅಂವ ಊರ ತುಂಬ ಆ ಕತಿ ಹೇಳಿದ.’

ಡೊರೀನ್ ಎದ್ದು, ರಬ್ಬರ್ ಬ್ಯಾಂಡು, ಪೆನ್ನು, ಹಳೆಯ ಬೀಗದ ಕೈಗಳಿದ್ದ ಡ್ರಾವರಿನ ತಳದಿಂದ ಒಂದು ಕಂದು ಲಕೋಟೆ ತೆಗೆದರು. ಒಳಗೆ ಮೂರು ಸ್ಟಿಕರು. ಒಂದನ್ನು ನನಗೆ ಕೊಟ್ಟರು. ಬಿಸಿಲು ಕಾಣದ ಕೆಂಪು, ಈಗಷ್ಟೇ ಅಚ್ಚಾದಂತೆ ಉರಿಯುತ್ತಿತ್ತು.

‘ಈ ಕತಿ ಅವ್ರಿಗೆ ಹೇಳಲೋ ಬ್ಯಾಡೋ?’ ಎಂದು ಕೇಳಿದೆ.

‘ಜೀನ್ ಕಡೀಗೆ ಆಸ್ಪತ್ರಿಯೊಳಗ ಇದ್ದಾಗ ನಾನು ಹೋಗಿದ್ದೆ. ಅಂವ ಆ ಕತಿ ಹೇಳಿದಾಗೆಲ್ಲ ಖರೇದು ನಾಲಿಗಿ ತುದಿಗೆ ಬರತಿತ್ತು ಡೊರೀನ್, ಹೇಳಬೇಕಿತ್ತು ಅಂದ್ಲು. ಆಕಿ ಹೋದ ಮ್ಯಾಲೂ ನಾನು ಅಂವಗ ಹೇಳಿಲ್ಲ. ನನಗ ಧೈರ್ಯ ಆಗಲಿಲ್ಲ.’ ಅವರು ನನ್ನ ಕೈಯ ಮೇಲೆ ಕೈ ಇಟ್ಟರು. ‘ನೀ ಎಷ್ಟು ಧೈರ್ಯದಾಂವ, ನನಗ ಗೊತ್ತಿಲ್ಲ.’

ಮರಳಿ ಹೆರೆಫೋರ್ಡ್

ರೈಲಿನಲ್ಲಿ ಕಿಟಕಿಯ ಹೊರಗೆ ಕುರಿ, ಹೊಲ, ಸೇಬಿನ ತೋಟ ಏನೇನೋ ಹೋದವು. ನಾನು ಒಂದನ್ನೂ ನೋಡಲಿಲ್ಲ. ಸ್ಟಿಕರು ಕಿತ್ತದ್ದೇ ಸಾಲದೆಂದು ಈಗ ಅದರ ಕತೆಯನ್ನೂ ಕೀಳಬೇಕೆ? ಸುಮ್ಮನೆ ಲಕೋಟೆ ಕೊಟ್ಟು ಬಂದರಾಯಿತು. ಅವರು ಎಲ್ಲಿ ಸಿಕ್ಕಿತು ಎನ್ನುತ್ತಾರೆ, ಡೊರೀನ್ ಕೊಟ್ಟರು ಎನ್ನುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೇಳದ ಮೇಜಿನ ಕೆಳಗಿನ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು.

ಮನೆಯಲ್ಲಿ ತ್ರಿಶಲಾಗೆ ಹೇಳಿದೆ. ಕೂಸು ಮಲಗಿತ್ತು, ಆಕೆ ಅದರ ಸಣ್ಣ ಅಂಗಿಗಳನ್ನು ಮಡಚುತ್ತಿದ್ದಳು. ಪೂರ್ತಿ ಕೇಳಿದ ಮೇಲೆ ಮೊದಲು ನಕ್ಕಳು.

‘ಹೇಳ್ರಿ,’ ಎಂದಳು. ‘ಆಕಿ ಹೇಳಬೇಕಂತಿದ್ಲು ಅಂದ ಮ್ಯಾಲೆ ನಿಮ್ಮದೇನೈತಿ ನಡುವ? ಸಿಟ್ಟು ಬಂದ್ರ ಬರಲಿ. ಈಗ ಇಲ್ಲದ ಹೆಂಡತಿ ಮ್ಯಾಲೆ ಸಿಟ್ಟು ಬರೂದೂ ಒಂದು ಸುಖನ.’

‘ನೀ ಏನರೆ ಮುಚ್ಚಿಟ್ಟೀ ಏನು?’ ಎಂದೆ.

ಆಕೆ ಅಂಗಿ ಮಡಚುತ್ತಲೇ ಇದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಎಂದೂ ಹೊಳೆಯದ ಪ್ರಶ್ನೆ ಅದು. ನಾನು ಮತ್ತೆ ಕೇಳಲಿಲ್ಲ.

ಸಂಜೆ ಆರಕ್ಕೆ ಎದುರುಮನೆಯ ಬೆಲ್ ಒತ್ತಿದೆ. ಈ ಸಲ ಕೀತ್ ಬಾಗಿಲು ತೆರೆದರು. ಗ್ಯಾರೇಜಿನಲ್ಲಿ ನಿಂತುಕೊಂಡೇ ಲಕೋಟೆ ಕೊಟ್ಟೆ. ಸ್ಟಿಕರು ನೋಡಿ ಅವರ ಬಾಯಿ ಸ್ವಲ್ಪ ತೆರೆಯಿತು. ‘ಡೊರೀನ್?’ ಎಂದರು. ತಲೆಯಾಡಿಸಿದೆ. ಅವರು ಗಾಡಿಯ ಕಡೆ ತಿರುಗುವ ಮೊದಲೇ, ಇನ್ನೂ ಒಂದು ಮಾತು ಇದೆ ಎಂದೆ. ಗುರುವಾರ, ಏಣಿ, ಹೊಸ ಗಾಜು, ಐದು ಗಂಟೆ. ನನಗೆ ಇಂಗ್ಲಿಷು ಬರದಿದ್ದದ್ದು ಅವತ್ತು ಒಳ್ಳೆಯದೇ ಆಯಿತು. ಸುತ್ತಿ ಬಳಸಿ ಹೇಳಲು ನನ್ನಲ್ಲಿ ಶಬ್ದಗಳಿರಲಿಲ್ಲ. ಕೊನೆಗೆ, ಆಸ್ಪತ್ರೆಯಲ್ಲಿ ಜೀನ್ ಅಂದ ಮಾತನ್ನೂ ಹೇಳಿದೆ.

ಕೀತ್ ಕೆಲಸದ ಮೇಜಿಗೆ ಒರಗಿ ನಿಂತರು. ಮುಖದ ಮೇಲೆ ಏನೂ ಇರಲಿಲ್ಲ. ಮಂಗಳವಾರ ಕಂಡ ಮುಖವೂ ಅಲ್ಲ, ಅದಕ್ಕಿಂತ ಖಾಲಿ.

‘ನಾಳೆ ಬಾ,’ ಎಂದರು.

ಮನೆಗೆ ಬಂದು ಉಣ್ಣಲು ಕೂತೆ. ಸೂರ್ಯ ಇನ್ನೂ ಮೇಲಿದ್ದ. ಒಬ್ಬ ಮನುಷ್ಯನಿಂದ ಒಂದೇ ವಾರದಲ್ಲಿ ಎರಡು ಸಲ ಕಸಿದುಕೊಂಡೆ ಅನ್ನಿಸಿ ಎದ್ದುಬಿಟ್ಟೆ.

ಬೆಳಿಗ್ಗೆ ಹತ್ತಕ್ಕೆ ಹೋದಾಗ ಗ್ಯಾ‌ರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಸ್ಟಿಕರು ಆಗಲೇ ಗಾಜಿನ ಮೇಲಿತ್ತು. ನಡುಗುವ ಕೈಯಿಂದ ಹೇಗೆ ಹಚ್ಚಿದರೋ, ನೀರಿನ ಮಟ್ಟದಷ್ಟು ನೆಟ್ಟಗಿತ್ತು. ಪಕ್ಕದಲ್ಲಿ ಕಟ್ಟಿಗೆಯ ಅಳತೆಪಟ್ಟಿ ಬಿದ್ದಿತ್ತು. ಕೀತ್ ನನಗೆ ಸ್ಟೂಲು ಸರಿಸಿ, ತಾವು ಇನ್ನೊಂದರ ಮೇಲೆ ಕೂತರು. ಕಣ್ಣು ಕೆಂಪಾಗಿದ್ದವು.

‘ಆ ಗುರುವಾರ ನನಗ ನೆನಪೈತಿ,’ ಎಂದರು. ‘ರಾತ್ರಿ ಎಲ್ಲಾ ಕುಂತು ನೆನಪ ಮಾಡಕೊಂಡೆ. ಡಿಪೋದಿಂದ ಬಂದ್ರ ಮನಿ ತುಂಬ ವಾಸನಿ. ಆಕಿ ದೊಡ್ಡ ಸೇಬಿನ ಪೈ ಮಾಡಿದ್ಲು, ವಾರದ ದಿನ. ಮೇಜಿನ ಮ್ಯಾಲೆ ಛಲೋ ಬಟ್ಟಿ ಹಾಸಿದ್ಲು. ಮಾತ ಇಲ್ಲ. ಕಣ್ಣಾಗ ನೀರು. ನಾನು ಹೆದರಿಬಿಟ್ಟೆ. ಇವತ್ತು ಲಗ್ನದ ದಿನ ಇರಬೇಕು, ಇಲ್ಲಾ ಆಕಿ ಹುಟ್ಟಿದ ದಿನ, ನಾ ಮರತೀನಿ ಅಂತ. ಕೇಳಾಕ ಧೈರ್ಯ ಆಗಲಿಲ್ಲ.’

ಅವರು ಗಾಜಿನ ಕಡೆ ನೋಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅಳುವಲ್ಲ. ನಗು ಒಳಗಿನಿಂದ ಎದ್ದು ಬರುತ್ತಿತ್ತು. ಅವರು ಮಾತು ಮುಗಿಸಲು ಅದನ್ನು ತಡೆಹಿಡಿಯುತ್ತಿದ್ದರು.

‘ಮರುದಿನ ಹೂ ತಗೊಂಡು ಹೋದೆ,’ ಎಂದರು. ‘ದೊಡ್ಡ ಗುಚ್ಛ. ಬಾಗಲದಾಗ ನಿಂತು, ತಪ್ಪಾತು ಜೀನ್, ಮರತೆ, ಇನ್ನೊಮ್ಮೆ ಹಂಗ ಮಾಡೂದಿಲ್ಲ ಅಂದೆ.’

‘ಅವರು ಏನಂದ್ರು?’

ಕೀತ್ ಗಾಡಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ಹೂ ತಗೊಂಡ್ಲು,’ ಎಂದರು. ‘ತಗೊಂಡು, ನನ್ನ ಗಲ್ಲ ಸವರಿ, ಹೋಗಲಿ ಬಿಡು, ಈ ಸಲ ಕ್ಷಮಾ ಮಾಡೀನಿ ಅಂದ್ಲು.’